ಅಳೆಯದೆ ಉಳಿದ ರಾಶಿ

ನವರಾತ್ರಿಯ ಹೊತ್ತಿಗೆ ನಮ್ಮ ದಾವಣಗೆರೆ ಜಿಲ್ಲೆಯ ಗೋವಿನಕೋವಿಯ ಸುತ್ತಿನಲ್ಲಿ ಅಡಿಕೆಯ ಕೊಯ್ಲು ಬಿರುಸಾಯಿತೆಂದರೆ, ತೋಟವುಳ್ಳ ಮನೆಗಳ ಅಂಗಳಗಳು ತಮ್ಮ ನಿತ್ಯದ ಗಾಂಭೀರ್ಯವನ್ನು ತೊರೆದು ಸಣ್ಣಪುಟ್ಟ ಕಾರ್ಖಾನೆಗಳ ಸ್ವರೂಪವನ್ನು ತಾಳುತ್ತವೆ. ಒಂದು ಮಗ್ಗುಲಲ್ಲಿ ತೋಟದಿಂದ ಆಗತಾನೆ ಬಂದು ಬಿದ್ದ ಗೊನೆಗಳು, ನಡುವೆ ಸುಲಿಯುವವರ ಸಾಲು, ಹಿತ್ತಲಿನಲ್ಲಿ ಅಡಿಕೆ ಬೇಯುವ ಹಂಡೆ, ಆ ಹಂಡೆಯಿಂದ ಏಳುವ ಚೊಗರಿನ ಒಗರು ವಾಸನೆ. ಇವೆಲ್ಲವುಗಳ ನಡುವೆ ಕೂಲಿಯವರ ಪಕ್ಕದಲ್ಲಿಯೇ ಆ ಮನೆಯ ಮಕ್ಕಳೂ ಕುಳಿತು ಸುಲಿಯುತ್ತಿರುತ್ತಾರೆ. ದಿನದ ಕೊನೆಗೆ ಕೂಲಿಯವರು ಸುಲಿದ ಅಡಿಕೆಯನ್ನು ಅಳೆದು, ಅಳತೆಗೆ ತಕ್ಕ ಹಣವನ್ನು ಎಣಿಸಿ ಕೊಡುತ್ತಾರೆ. ಮನೆಯ ಮಕ್ಕಳ ಮುಂದಿರುವ ರಾಶಿಯನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಅದು ಹಾಗೆಯೇ ದೊಡ್ಡ ರಾಶಿಯೊಳಗೆ ಸುರಿಯಲ್ಪಟ್ಟು ಅದರಲ್ಲಿ ಒಂದಾಗಿ ಹೋಗುತ್ತದೆ.

ಅಳೆಯದೆ ಉಳಿದ ಆ ರಾಶಿಯೇ ಈ ಬರಹದ ವಿಷಯ. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಶಾಲೆಯಿಂದ ಬಂದೊಡನೆ ಕೂರುವ ಹುಡುಗ, ಹೋಟೆಲಿನಲ್ಲಿ ನೀರಿನ ಲೋಟಗಳನ್ನು ಇಡುವ ಹುಡುಗಿ, ತಂದೆಯ ಗ್ಯಾರೇಜಿನಲ್ಲಿ ಮೈಗೆ ಎಣ್ಣೆ ಬಳಿದುಕೊಂಡು ನಿಂತ ಕಿಶೋರ, ಇಪ್ಪತ್ತು ವರ್ಷ ತೋಟ ನೋಡಿಕೊಂಡೂ ತನ್ನದೆಂಬ ಒಂದು ಬ್ಯಾಂಕಿನ ಖಾತೆಯಿಲ್ಲದ ಹಿರಿಯ ಮಗ, ಇವರೆಲ್ಲರ ದುಡಿಮೆಯೂ ಆ ರಾಶಿಗೆ ಸೇರಿದ್ದೇ. ತಂದೆತಾಯಿಗಳು ತಮ್ಮ ಉದ್ಯಮದಲ್ಲಿ ತಮ್ಮ ಮಕ್ಕಳನ್ನೇ ದುಡಿಸಿಕೊಳ್ಳುವುದು ಸರಿಯೋ ತಪ್ಪೋ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಶಕ್ಯವಿಲ್ಲ. ಆದರೆ ಎರಡು ನಿಯಮಗಳನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಹುದೆಂದು ನನಗೆ ತೋರುತ್ತದೆ: ಮಗು ಚಿಕ್ಕದಾಗಿರುವಾಗ ಆ ಕೆಲಸ ಕಲಿಕೆಯನ್ನು ಮೀರಕೂಡದು, ದೊಡ್ಡದಾದ ಮೇಲೆ ಆ ಕೆಲಸ ಲೆಕ್ಕದಿಂದ ತಪ್ಪಕೂಡದು.

ಮೊದಲು ಈ ಪದ್ಧತಿಯ ಗುಣವನ್ನು ಹೇಳುವುದು ನ್ಯಾಯ. ಶಾಲೆಗಳು ಊರೂರಿಗೆ ಬರುವುದಕ್ಕೆ ಬಹುಕಾಲ ಮೊದಲು ಮನೆಯೇ ಪಾಠಶಾಲೆಯಾಗಿತ್ತು. ಕಮ್ಮಾರನ ಮಗ ತಿದಿಯನ್ನು ಒತ್ತುತ್ತ ಕಬ್ಬಿಣದ ಕಾವನ್ನು ಕಣ್ಣಳತೆಯಿಂದ ಅರಿತನು, ನೇಕಾರರ ಮಗಳು ಕಂಡಿಕೆ ಸುತ್ತುತ್ತ ನೂಲಿನ ಗುಣವನ್ನು ಬೆರಳ ತುದಿಯಿಂದ ಅರಿತಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಮ್ಮ ಹಿರಿಯರು ಗದರಿಸುವುದಕ್ಕೆ ಮಾತ್ರ ಬಳಸಿದವರಲ್ಲ. ಕೈ ಎಳೆಯದಾಗಿರುವಾಗಲೇ ಕಸುಬು ಕೈಗೆ ಹತ್ತಬೇಕೆಂಬ ಅನುಭವವೂ ಅದರಲ್ಲಿದೆ. ಕಾಯಕವನ್ನು ಧರ್ಮದ ಮಟ್ಟಕ್ಕೆ ಏರಿಸಿದ ಶರಣರ ನಾಡಿನಲ್ಲಿ, ಮೈಮುರಿದು ದುಡಿಯುವುದನ್ನು ಮಕ್ಕಳು ಹೀನವೆಂದು ಎಣಿಸದಂತೆ ಬೆಳೆಸುವುದು ಪೋಷಕರ ಕರ್ತವ್ಯವೇ ಹೌದು.

ನಮ್ಮ ಜಿಲ್ಲೆಯ ಕೇಂದ್ರವಾದ ದಾವಣಗೆರೆಯಲ್ಲಿಯೇ ಇದಕ್ಕೆ ಒಂದು ಉಜ್ಜ್ವಲವಾದ ನಿದರ್ಶನವಿದೆ. ಊರಿನಲ್ಲಿ ರೂಢಿಯಾಗಿ ಬಂದಿರುವ ವೃತ್ತಾಂತದಂತೆ, 1928ರಲ್ಲಿ ಚೆನ್ನಮ್ಮ ಎಂಬ ಮಹಿಳೆ ಬೆಳಗಾವಿ ಸೀಮೆಯಿಂದ ತನ್ನ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು, ವಸಂತ ಟಾಕೀಸಿನ ಸಮೀಪದಲ್ಲಿದ್ದ ಸವಳಗಿ ನಾಟಕ ಮಂದಿರದ ಮುಂದೆ ರಾಗಿಯ ದೋಸೆ ಹುಯ್ದು ಮಾರತೊಡಗಿದಳು. ತಾಯಿಯ ಒಲೆಯ ಬಳಿ ಬೆಳೆದ ಆ ಮಕ್ಕಳು 1938ರ ವೇಳೆಗೆ ರಾಗಿಯನ್ನು ಬಿಟ್ಟು ಅಕ್ಕಿ, ಮಂಡಕ್ಕಿ, ಉದ್ದಿನಬೇಳೆಗಳ ಹಿಟ್ಟಿಗೆ ಬೆಣ್ಣೆಯನ್ನು ಕೂಡಿಸಿದರು. 1944ರಲ್ಲಿ ಶಾಂತಪ್ಪ, ಮಹದೇವಪ್ಪ ಎಂಬ ಇಬ್ಬರು ಮಕ್ಕಳು ಬೇರೆಬೇರೆಯಾಗಿ ತಮ್ಮ ತಮ್ಮ ಹೋಟೆಲುಗಳನ್ನು ತೆರೆದರು. ಇಂದು ದಾವಣಗೆರೆಯ ಹೆಸರನ್ನು ಹೊತ್ತು ನಾಡಿನ ತುಂಬೆಲ್ಲ ಸಂಚರಿಸುತ್ತಿರುವ ಬೆಣ್ಣೆದೋಸೆಯ ಹುಟ್ಟು ಈ ಬಗೆಯದು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬೆಣ್ಣೆಯ ಬಳಿಗೆ ಬಂದು ನಿಲ್ಲುತ್ತಾರೆ. ನನ್ನ ಗಮನವನ್ನು ಸೆಳೆಯುವುದು ಅದರಲ್ಲಿರುವ ಬೇರೆ ಎರಡು ಸಂಗತಿಗಳು. ಆ ಮಕ್ಕಳು ತಾಯಿಯಿಂದ ಕಲಿತದ್ದನ್ನು ಹಾಗೆಯೇ ಒಪ್ಪಿಸದೆ, ಹಿಟ್ಟನ್ನೇ ಬದಲಿಸಿದರು, ಎಂದರೆ ಕೈಯೊಡನೆ ಬುದ್ಧಿಯನ್ನೂ ಓಡಿಸುವ ಅವಕಾಶ ಅವರಿಗಿತ್ತು. ಕಾಲ ಬಂದಾಗ ಒಬ್ಬೊಬ್ಬರೂ ತಮ್ಮದೆಂದು ಹೇಳಬಹುದಾದ ಒಂದೊಂದು ಕಾವಲಿಯ ಮುಂದೆ ನಿಂತರು, ಎಂದರೆ ದುಡಿಮೆಯೊಡನೆ ಒಡೆತನವೂ ಅವರಿಗೆ ಒದಗಿತು. ಮನೆಯ ಕಸುಬು ಮಕ್ಕಳಿಗೆ ಒಳ್ಳೆಯದಾಗುವುದು ಈ ಎರಡೂ ಕೂಡಿದಾಗ. ಬುದ್ಧಿಗೆ ಎಡೆಯಿಲ್ಲದೆ ಕೈಯನ್ನಷ್ಟೇ ಕೇಳುವ, ಒಡೆತನವನ್ನು ಕೊಡದೆ ಬೆವರನ್ನಷ್ಟೇ ಪಡೆಯುವ ಕಸುಬು ತಂದೆಯದಾದರೂ ಕೂಲಿಯೇ. ಕೂಲಿಯವನಿಗೆ ಸಿಗುವ ಹಣವೂ ಇಲ್ಲದ ಕೂಲಿ.

ಅದೇ ದಾವಣಗೆರೆಯಲ್ಲಿ ಇನ್ನೊಂದು ಮುಖವೂ ಇದೆ. ಆ ಊರಿನ ಮಂಡಕ್ಕಿ ಭಟ್ಟಿಗಳು ಬಹುಮಟ್ಟಿಗೆ ಕುಟುಂಬದ ದುಡಿಮೆಯಿಂದಲೇ ನಡೆಯತಕ್ಕವು. ಭತ್ತವನ್ನು ನೆನೆಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಿನಲ್ಲಿ ಹುರಿಯುವ ಈ ಕೆಲಸದಲ್ಲಿ ಬೆಂಕಿಯ ಝಳ, ಹೊಗೆ, ತೌಡಿನ ದೂಳು ಇವು ದಿನನಿತ್ಯದ ಸಂಗಾತಿಗಳು. ಹಳೆಯ ಟೈರುಗಳನ್ನು ಉರುವಲಾಗಿ ಸುಡುವುದರ ಬಗ್ಗೆ ಅಲ್ಲಿಯ ನಿವಾಸಿಗಳಿಂದ ಆಕ್ಷೇಪಣೆ ಬಂದದ್ದೂ ಉಂಟು. ಅಲ್ಲಿನ ತಂದೆತಾಯಿಗಳು ಕ್ರೂರಿಗಳಲ್ಲ. ಬಡತನದಲ್ಲಿ ಮನೆಯ ಪ್ರತಿಯೊಂದು ಜೊತೆ ಕೈಯೂ ಬೇಕಾಗುತ್ತದೆ. ಆದರೆ ಹೊಗೆಗೆ ತಂದೆಯ ವಾತ್ಸಲ್ಯ ತಿಳಿಯದು. ಕೂಲಿಯ ಮಗುವಿನ ಶ್ವಾಸಕೋಶವನ್ನು ಹೊಕ್ಕ ಹಾಗೆಯೇ ಅದು ಒಡೆಯನ ಮಗುವಿನ ಶ್ವಾಸಕೋಶವನ್ನೂ ಹೊಗುತ್ತದೆ. ಮನೆಯ ಕೆಲಸವಾದ್ದರಿಂದ ಅಪಾಯವಿಲ್ಲವೆಂಬ ಭಾವನೆ ಇಲ್ಲಿ ಪೂರ್ಣವಾಗಿ ಸುಳ್ಳಾಗುತ್ತದೆ.

ಕಾನೂನು ಈ ವಿಷಯದಲ್ಲಿ ಏನನ್ನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಅಂಗಡಿಕಾರನೂ ಪ್ರತಿಯೊಬ್ಬ ತೋಟಗಾರನೂ ತಿಳಿದಿರುವುದು ಉಚಿತ. ಕಾರ್ಖಾನೆ, ಗಣಿ ಮುಂತಾದ ಅಪಾಯಕರ ಉದ್ಯೋಗಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದೆಂದು ಸಂವಿಧಾನದ 24ನೆಯ ಅನುಚ್ಛೇದವೇ ವಿಧಿಸಿದೆ. 1986ರಲ್ಲಿ ಬಂದ ಬಾಲಕಾರ್ಮಿಕ ಕಾಯಿದೆಯು ಕೆಲವು ಉದ್ಯೋಗಗಳನ್ನು ಮಾತ್ರ ನಿಷೇಧಿಸಿ, ಕುಟುಂಬದವರೇ ನಡೆಸುವ ಕೆಲಸದ ಮನೆಗಳನ್ನು ಆ ನಿಷೇಧದಿಂದ ಹೊರಗಿಟ್ಟಿತ್ತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿದ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಮೇಲೆ, ಶಾಲೆಯಲ್ಲಿ ಇರತಕ್ಕ ಮಗು ಕೆಲಸದಲ್ಲಿ ಹೇಗೆ ಇದ್ದೀತೆಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು. ಅದರಂತೆ 2016ರ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲಿಯೂ ನೇಮಿಸಕೂಡದೆಂದೂ, 14ರಿಂದ 18ರ ನಡುವಿನ ಕಿಶೋರರನ್ನು ಅಪಾಯಕರ ಕೆಲಸಗಳಲ್ಲಿ ನೇಮಿಸಕೂಡದೆಂದೂ ನಿರ್ಣಯಿಸಿತು.

ಆದರೂ ಕುಟುಂಬಕ್ಕೆಂದು ಒಂದು ಬಾಗಿಲನ್ನು ತೆರೆದೇ ಇಟ್ಟರು. ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಮಗು ತನ್ನ ಕುಟುಂಬಕ್ಕೆ ಅಥವಾ ಕುಟುಂಬದ ಉದ್ಯಮಕ್ಕೆ ನೆರವಾಗಬಹುದು. ಇಲ್ಲಿ ಕಾಯಿದೆ ಆರಿಸಿಕೊಂಡ ಮಾತು ನೆರವು ಎಂಬುದೇ ಹೊರತು ದುಡಿಮೆ ಎಂಬುದಲ್ಲ. ಈ ಭೇದವನ್ನು 2017ರ ನಿಯಮಗಳು ಮತ್ತಷ್ಟು ಬಿಡಿಸಿ ಹೇಳಿವೆ. ನೆರವು ದಿನಕ್ಕೆ 3 ಗಂಟೆಯನ್ನು ಮೀರಕೂಡದು. ಸಂಜೆ 7ರಿಂದ ಬೆಳಗಿನ 8ರವರೆಗೆ ಯಾವ ಕೆಲಸವನ್ನೂ ಹೇಳಕೂಡದು. ಮಗುವನ್ನು ದೊಡ್ಡವರ ಕೆಲಸಕ್ಕೆ ಬದಲಾಗಿ ನಿಲ್ಲಿಸಕೂಡದು. ಮಗು ದಣಿಯುವಂತೆ ಎಡೆಬಿಡದೆ ದುಡಿಸಕೂಡದು. ವಿದ್ಯೆಗೆ ಅಡ್ಡಿಯಾಗುವ ಯಾವುದೂ ನೆರವೆನಿಸಲಾರದು. ಹೊರಗಿನ ಮಾಲಿಕನು ಮಗುವನ್ನು ನೇಮಿಸಿಕೊಂಡರೆ 6 ತಿಂಗಳಿನಿಂದ 2 ವರ್ಷದವರೆಗಿನ ಸೆರೆವಾಸ, 20,000ದಿಂದ 50,000 ರೂಪಾಯಿಯವರೆಗಿನ ದಂಡ, ಅಥವಾ ಎರಡೂ ವಿಧಿಸಲ್ಪಡಬಹುದು. ತಂದೆತಾಯಿಗಳ ಮೊದಲ ತಪ್ಪನ್ನು ಮನ್ನಿಸಿ, ಮತ್ತೆ ತಪ್ಪಿದರೆ 10,000 ರೂಪಾಯಿಯವರೆಗೆ ದಂಡ ಹಾಕಬಹುದು.

ಇವುಗಳನ್ನು ನಮ್ಮ ಅಂಗಳಕ್ಕೆ ತಂದು ಹಿಡಿದು ನೋಡಿದರೆ ಅರ್ಥ ತಿಳಿಯಾಗುತ್ತದೆ. ಅಡಿಕೆಯ ಸುಲಿತ ಹಗಲಿಗೆ ಮುಗಿಯುವ ಕೆಲಸವಲ್ಲ. ಕೊಯ್ದ ಕಾಯಿ ಕೆಡುವ ಮುನ್ನ ಸುಲಿದು ಬೇಯಿಸಬೇಕಾದ್ದರಿಂದ ದೀಪದ ಬೆಳಕಿನಲ್ಲಿ ಸರಿರಾತ್ರಿಯವರೆಗೆ ಸಾಗುತ್ತದೆ. ದಸರೆಯ ರಜೆಯಲ್ಲಿ ಮಧ್ಯಾಹ್ನ ಒಂದೆರಡು ಗಂಟೆ ಅಜ್ಜಿಯ ಪಕ್ಕದಲ್ಲಿ ಕುಳಿತು ಒಣಗಿದ ಅಡಿಕೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಹುಡುಗಿ ಕಲಿಯುತ್ತಿದ್ದಾಳೆ. ರಾತ್ರಿ ಹನ್ನೊಂದಕ್ಕೆ ಮೆಟ್ಟುಗತ್ತಿಯ ಮುಂದೆ ತೂಕಡಿಸುತ್ತ, ಬೆಳಗ್ಗೆ ತರಗತಿಯಲ್ಲಿ ನಿದ್ರೆ ಹೋಗುವ ಅವಳ ತಮ್ಮನು ದುಡಿಯುತ್ತಿದ್ದಾನೆ. ಇಬ್ಬರೂ ಒಂದೇ ಮನೆಯವರು, ಇಬ್ಬರ ಮೇಲೂ ಅಕ್ಕರೆ ಒಂದೇ. ಆದರೂ ಒಂದು ನೆರವು, ಇನ್ನೊಂದು ನಿಷಿದ್ಧ. ಹದಿನಾರರ ಹುಡುಗನಿಗೆ ತೋಟದ ನೀರಿನ ಸರದಿಯನ್ನು ವಹಿಸಬಹುದು. ಅವನ ಬೆನ್ನಿಗೆ ಕೀಟನಾಶಕದ ಡಬ್ಬಿಯನ್ನು ಕಟ್ಟುವುದು ಯಾವ ವಿವೇಕಿಯಾದ ತಂದೆಯೂ ಮಾಡತಕ್ಕ ಕೆಲಸವಲ್ಲ.

ಪೋಷಕರಿಗೆ ವಿನಾಯಿತಿ ಕೊಡುವುದು ನಮ್ಮ ದೇಶದ ವಿಶೇಷವೇನೂ ಅಲ್ಲ. ಅಮೆರಿಕದ 1938ರ ಶ್ರಮ ಕಾಯಿದೆಯು ಗಣಿ, ಕಾರ್ಖಾನೆ, ಅಪಾಯಕರ ಉದ್ಯೋಗಗಳನ್ನು ಹೊರತುಪಡಿಸಿ ತಂದೆತಾಯಿಗಳು ತಮ್ಮ ಮಕ್ಕಳನ್ನು ಕೆಲಸಕ್ಕೆ ಹಚ್ಚಲು ಅನುಮತಿಸಿದೆ. ಭಾರತವು 2017ರಲ್ಲಿ ಅಂಗೀಕರಿಸಿದ, 1973ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಡಂಬಡಿಕೆಯಲ್ಲಿಯೂ ಕುಟುಂಬದ ಸಣ್ಣ ಹಿಡುವಳಿಗಳಿಗೆ ರಿಯಾಯಿತಿಯಿದೆ. ಇವೆಲ್ಲಕ್ಕೂ ತಳಹದಿ ಒಂದೇ ನಂಬಿಕೆ: ಹೆತ್ತವರ ಪ್ರೀತಿಯೇ ಮಗುವಿಗೆ ರಕ್ಷೆ. ಆ ನಂಬಿಕೆ ಬಹುಪಾಲು ಸತ್ಯ. ಆದರೆ ಸಾಲದ ಕಂತು ಬಾಗಿಲಿಗೆ ಬಂದು ನಿಂತ ದಿನ, ಕೂಲಿಯವರು ಸಿಗದ ದಿನ, ಬೆಲೆ ಬಿದ್ದ ದಿನ, ಪ್ರೀತಿಯುಳ್ಳ ಕೈಯೇ ಮಗುವಿನ ತಲೆಯ ಮೇಲೆ ಹೊರಲಾರದ ಹೊರೆಯನ್ನು ಇಡುತ್ತದೆ. ಅಂಥ ದಿನಕ್ಕಾಗಿಯೇ ನಿಯಮ ಬೇಕು.

ಇನ್ನು ಎರಡನೆಯ ಮಾತು. ಬಾಲಕರ ವಿಷಯವಾಗಿ ಕಾನೂನು ಮಾತನಾಡುತ್ತದೆ, ಶಾಲೆಯ ಮೇಷ್ಟರು ಮಾತನಾಡುತ್ತಾರೆ. ಹದಿನೆಂಟು ದಾಟಿದ ಮಕ್ಕಳ ವಿಷಯವಾಗಿ ಮಾತನಾಡುವವರು ಯಾರೂ ಇಲ್ಲ. ಪದವಿ ಮುಗಿಸಿ, ಅಥವಾ ಅರ್ಧಕ್ಕೆ ಬಿಟ್ಟು, ತಂದೆಯ ಅಂಗಡಿಗೆ ಬಂದು ನಿಂತ ಮಗನು ಬೆಳಗ್ಗೆ ಬಾಗಿಲು ತೆರೆದು ರಾತ್ರಿ ಬೀಗ ಹಾಕುತ್ತಾನೆ. ಅವನಿಗೆ ಸಂಬಳವೆಷ್ಟೆಂದು ಕೇಳಿದರೆ ತಂದೆಗೆ ಆಶ್ಚರ್ಯವಾಗುತ್ತದೆ. "ಅವನಿಗೇಕೆ ಸಂಬಳ? ಎಲ್ಲಾ ಅವನದೇ ಅಲ್ಲವೆ?" ಈ ಉತ್ತರದಲ್ಲಿ ಔದಾರ್ಯವಿದೆ, ಆದರೆ ಉತ್ತರವಿಲ್ಲ. ಮೂವತ್ತರ ವಯಸ್ಸಿನಲ್ಲಿ, ಹೆಂಡತಿಗೆ ಒಂದು ಸೀರೆ ತರುವುದಕ್ಕೂ ಮಗುವಿನ ಪುಸ್ತಕಕ್ಕೂ ಅವನು ಗಲ್ಲಾಪೆಟ್ಟಿಗೆಯ ಮುಂದೆ ತಂದೆಯ ಮುಖವನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ತನ್ನ ಹೆಸರಿನಲ್ಲಿ ಆದಾಯದ ದಾಖಲೆಯಿಲ್ಲದ್ದರಿಂದ ಬ್ಯಾಂಕು ಅವನಿಗೆ ಸಾಲ ಕೊಡುವುದಿಲ್ಲ. ಅಷ್ಟು ವರ್ಷಗಳ ಅನುಭವಕ್ಕೆ ಒಂದು ಹಾಳೆಯ ಸಾಕ್ಷಿಯೂ ಇರುವುದಿಲ್ಲ. ಉದ್ಯೋಗ ಖಾತರಿಯ ಕೆಲಸದಲ್ಲಿ ಕೆರೆಯ ಹೂಳು ಎತ್ತಿದವನ ಕೂಲಿ ಅವನ ಹೆಸರಿನ ಖಾತೆಗೇ ಬಂದು ಸೇರುವ ಈ ಕಾಲದಲ್ಲಿ, ಸ್ವಂತ ತಂದೆಯ ತೋಟದಲ್ಲಿ ದುಡಿದವನ ಹೆಸರು ಎಲ್ಲಿಯೂ ಬರೆಯಲ್ಪಡದಿರುವುದು ವಿಚಾರ ಮಾಡತಕ್ಕ ಸಂಗತಿ.

"ಎಲ್ಲಾ ಅವನದೇ" ಎಂಬ ಮಾತಿಗೆ ನಮ್ಮಲ್ಲಿ ಬಹು ಪುರಾತನವಾದ ಆಧಾರವಿದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಕನ್ನಡನಾಡಿನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸಾರಿತು. ಆದರೆ ಆ ಹಕ್ಕು ಹುಟ್ಟಿಗೆ ಸಂದದ್ದು, ದುಡಿಮೆಗೆ ಸಂದದ್ದಲ್ಲ. ಇಬ್ಬರು ಮಕ್ಕಳಿದ್ದು, ಒಬ್ಬನು ಊರಿನಲ್ಲಿಯೇ ನಿಂತು ತೋಟವನ್ನು ಇಮ್ಮಡಿಗೊಳಿಸಿ, ಇನ್ನೊಬ್ಬನು ಓದಿ ಬೆಂಗಳೂರಿನಲ್ಲಿ ಉದ್ಯೋಗ ಹಿಡಿದರೆ, ಪಾಲಿನ ದಿನ ಇಬ್ಬರಿಗೂ ಸಮನಾದ ಭಾಗ ಬರುತ್ತದೆ. ಓದಿದವನ ಸಂಬಳದ ಗತಿಯೇನು? ಕುಟುಂಬದ ಖರ್ಚಿನಲ್ಲಿ ಓದಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿದ ಒಬ್ಬ ಅಧಿಕಾರಿಯ ಗಳಿಕೆಯು ಇಡೀ ಕುಟುಂಬದ ಸ್ವತ್ತೆಂದು 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಅದು ಅನ್ಯಾಯವೆಂದು ತೋರಿದ್ದರಿಂದ 1930ರಲ್ಲಿ ಕಾಯಿದೆಯೊಂದನ್ನು ಮಾಡಿ, ಕುಟುಂಬದ ಹಣದಿಂದಲೇ ಕಲಿತಿದ್ದರೂ ವಿದ್ಯೆಯಿಂದ ಬಂದ ಗಳಿಕೆ ಗಳಿಸಿದವನ ಸ್ವಂತದ್ದೇ ಎಂದು ಗೊತ್ತುಪಡಿಸಿದರು.

ಆ ಕಾಯಿದೆ ನ್ಯಾಯವಾದದ್ದೇ. ಆದರೆ ಅದರ ಮತ್ತೊಂದು ಮಗ್ಗುಲನ್ನು ಯಾರೂ ಗಮನಿಸಲಿಲ್ಲ. ಓದಿ ಹೊರಗೆ ಹೋದವನ ದುಡಿಮೆ ಅವನ ಸ್ವಂತದ್ದಾಯಿತು. ಓದನ್ನು ಬಿಟ್ಟು ಮನೆಯಲ್ಲಿ ನಿಂತವನ ದುಡಿಮೆ ಸಮಷ್ಟಿಯ ಆಸ್ತಿಯಲ್ಲಿ ಕರಗಿ, ಪಾಲಿನ ದಿನ ಎಲ್ಲರಿಗೂ ಹಂಚಿಹೋಯಿತು. ಒಬ್ಬನ ರಾಶಿಯನ್ನು ಅಳೆದು ಕೊಟ್ಟರು, ಇನ್ನೊಬ್ಬನದನ್ನು ಅಳೆಯದೆಯೇ ಬಿಟ್ಟರು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆಯನ್ನು ನಾವು ಮನುಷ್ಯಸ್ವಭಾವದ ಮೇಲೆ ಹೊರಿಸುತ್ತೇವೆ. ದೋಷದ ಬಹುಭಾಗ ಬರೆಯದ ಲೆಕ್ಕದ್ದು. ನ್ಯಾಯಾಲಯದ ಮೆಟ್ಟಿಲೇರಿದ ಎಷ್ಟೋ ಪಾಲುದಾವೆಗಳ ಬೇರಿನಲ್ಲಿ, ಇಷ್ಟು ವರ್ಷ ದುಡಿದವನು ನಾನು ಎಂಬ, ಆದರೆ ಯಾವ ಪುಸ್ತಕದಲ್ಲಿಯೂ ತೋರಿಸಲಾಗದ, ಒಂದು ಸಂಕಟವಿರುತ್ತದೆ.

ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಶೋಚನೀಯ. ಮಗನಿಗಾದರೂ "ಎಲ್ಲಾ ನಿನ್ನದೇ" ಎಂಬ ಆಶ್ವಾಸನೆಯುಂಟು. ಮಗಳಿಗೆ ಅದೂ ಇಲ್ಲ. ಹಸುವಿನ ಮೈ ತೊಳೆದು, ಹಾಲು ಕರೆದು, ಡೈರಿಗೆ ಹಾಕಿಬರುವವಳು ಅವಳಾದರೂ ಅನೇಕ ಮನೆಗಳಲ್ಲಿ ಸಂಘದ ಪುಸ್ತಕದಲ್ಲಿರುವ ಹೆಸರು ತಂದೆಯದು. ಹೊನ್ನಾಳಿ, ಚನ್ನಗಿರಿ, ಜಗಳೂರುಗಳು ಸೇರಿದ್ದ ಹಳೆಯ ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಕಾಯಿದೆ ಮಾಡಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಕರ್ನಾಟಕವು 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಜನ್ಮಸಿದ್ಧ ಹಕ್ಕನ್ನು ಕೊಟ್ಟಿತು. 2005ರಲ್ಲಿ ಇಡೀ ದೇಶವೇ ಆ ದಾರಿಯನ್ನು ಹಿಡಿಯಿತು. ಆದರೂ ಮದುವೆಯಾಗಿ ಹೋಗುವವಳಿಗೆ ಲೆಕ್ಕವೇಕೆಂಬ ಮಾತು ನಿಂತಿಲ್ಲ. ಹೋಗುವವಳಾದ್ದರಿಂದಲೇ ಅವಳ ದುಡಿಮೆಯನ್ನು ಆಗಿಂದಾಗ್ಗೆ ತೀರಿಸುವುದು ಹೆಚ್ಚು ಅವಶ್ಯವೆಂದು ನಾನು ಹೇಳುತ್ತೇನೆ.

ಹಾಗಾದರೆ ಮಾಡತಕ್ಕದ್ದೇನು? ಪ್ರಾಪ್ತವಯಸ್ಕರಾದ ಮಕ್ಕಳಿಗೆ ಹೊರಗಿನವನಿಗೆ ಕೊಡುವಷ್ಟು ಸಂಬಳವನ್ನು ಗೊತ್ತುಮಾಡಿ, ತಿಂಗಳು ತಿಂಗಳು ಅವರ ಖಾತೆಗೆ ಹಾಕುವುದು ಮೊದಲನೆಯ ಮೆಟ್ಟಿಲು. ವ್ಯಾಪಾರದ ಲೆಕ್ಕದಲ್ಲಿ ಇದನ್ನು ಖರ್ಚೆಂದು ತೋರಿಸಲು ಆದಾಯ ತೆರಿಗೆಯ ಅಡ್ಡಿಯೇನೂ ಇಲ್ಲ. ಕೆಲಸ ನಿಜವಾಗಿ ನಡೆದಿರಬೇಕು, ಮತ್ತು ಪೇಟೆಯ ದರಕ್ಕಿಂತ ಮಿತಿಮೀರಿ ಕೊಟ್ಟರೆ ಹೆಚ್ಚಾದ ಅಂಶವನ್ನು ಒಪ್ಪುವುದಿಲ್ಲವೆಂಬ ನಿಯಮವನ್ನು 1961ರ ಕಾಯಿದೆಯೇ ಹಾಕಿಕೊಟ್ಟಿತು. ಅಪ್ರಾಪ್ತ ಮಗುವಿನ ವರಮಾನವನ್ನು ಹೆತ್ತವರ ವರಮಾನಕ್ಕೆ ಕೂಡಿಸಿದ ಅದೇ ಕಾಯಿದೆ, ಮಗು ತನ್ನ ಮೈದುಡಿಮೆಯಿಂದ ಅಥವಾ ಸ್ವಂತ ಕೌಶಲದಿಂದ ಗಳಿಸಿದ್ದನ್ನು ಮಾತ್ರ ಹಾಗೆ ಕೂಡಿಸದೆ ಬಿಟ್ಟದ್ದು ಗಮನಾರ್ಹ: ತೆರಿಗೆಯ ಶಾಸ್ತ್ರವೂ ಬೆವರಿಗೆ ಪ್ರತ್ಯೇಕವಾದ ಹೆಸರುಂಟೆಂದು ಒಪ್ಪಿದೆ.

ಎರಡನೆಯ ಮೆಟ್ಟಿಲು ಪಾಲುದಾರಿಕೆ. ಇಲ್ಲಿ 1932ರ ಪಾಲುದಾರಿಕೆ ಕಾಯಿದೆಯ 30ನೆಯ ಕಲಮಿನಲ್ಲಿ ಒಂದು ಮಾನವೀಯವಾದ ಏರ್ಪಾಡಿದೆ. ಅಪ್ರಾಪ್ತ ವಯಸ್ಕನನ್ನು ಪಾಲುದಾರನನ್ನಾಗಿ ಮಾಡಲಾಗದು, ಆದರೆ ಉಳಿದವರ ಒಪ್ಪಿಗೆಯಿಂದ ಸಂಸ್ಥೆಯ ಲಾಭಕ್ಕೆ ಅವನನ್ನು ಸೇರಿಸಬಹುದು. ಅವನು ಪ್ರಾಪ್ತವಯಸ್ಕನಾಗಿ, ತಾನು ಹಾಗೆ ಸೇರಿದ್ದೇನೆಂಬುದನ್ನು ತಿಳಿದ ಮೇಲೆ, 6 ತಿಂಗಳೊಳಗಾಗಿ ಪಾಲುದಾರನಾಗುವೆನೋ ಇಲ್ಲವೋ ಎಂಬುದನ್ನು ಬಹಿರಂಗವಾಗಿ ತಿಳಿಸಬಹುದು. ಆ ಆರು ತಿಂಗಳ ಅವಧಿಯಲ್ಲಿ ನನಗೆ ಒಂದು ನೀತಿಯೇ ಕಾಣುತ್ತದೆ. ತಂದೆಯ ಉದ್ಯಮವಾದರೂ ಮಗನನ್ನು ಒಮ್ಮೆ ಕೇಳಬೇಕು. ಬೇಡವೆನ್ನುವ ಸ್ವಾತಂತ್ರ್ಯ ಅವನಿಗೆ ಇರಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಗನನ್ನಾಗಲಿ ಮಗಳನ್ನಾಗಲಿ ಹೀಗೆ ಕೂರಿಸಿಕೊಂಡು, ಈ ಕಸುಬು ನಿನಗೆ ಬೇಕೆ ಎಂದು ಕೇಳಿದ್ದೇವೆ? ಕೇಳದೆ ಕೊಟ್ಟ ಕಸುಬು ಹುಟ್ಟಿನ ಬಂಧನವಾಗುತ್ತದೆ. ಜಾತಿಗೊಂದು ಕಸುಬೆಂದು ಮಕ್ಕಳನ್ನು ಶತಮಾನಗಳ ಕಾಲ ಕಟ್ಟಿಹಾಕಿದ ಸಮಾಜ ಈ ವಿಷಯದಲ್ಲಿ ಇಮ್ಮಡಿ ಎಚ್ಚರಿಕೆಯಿಂದಿರಬೇಕು.

ತಂದೆಮಕ್ಕಳ ನಡುವೆ ಲೆಕ್ಕ ಹೊಕ್ಕರೆ ಅಂತಃಕರಣ ಬತ್ತುವುದೆಂದು ಹಿರಿಯರು ಹೇಳುವರು. ಅವರ ಆತಂಕವನ್ನು ನಾನು ಗೌರವಿಸುತ್ತೇನೆ. ಆದರೆ ಲೆಕ್ಕವಿಟ್ಟು ಕೊಟ್ಟದ್ದನ್ನು ಮಗನು ಅನಂತರ ಮನೆಗೇ ತಂದಿಟ್ಟರೆ, ಆಗ ಅದು ಅವನ ಕೊಡುಗೆಯಾಗುತ್ತದೆ. ಲೆಕ್ಕವಿಲ್ಲದೆ ತೆಗೆದುಕೊಂಡರೆ ಅವನಿಗೆ ಕೊಡುವ ಸಂತೋಷವೂ ತಪ್ಪುತ್ತದೆ. ತನ್ನದೆಂಬುದು ಇಲ್ಲದವನು ದಾಸೋಹವನ್ನಾದರೂ ಹೇಗೆ ಮಾಡಿಯಾನು?

ಆದುದರಿಂದ ನನ್ನ ಸೀಮೆಯ ತಂದೆತಾಯಿಗಳಲ್ಲಿ ನನ್ನ ವಿನಂತಿಯಿಷ್ಟೆ. ಈ ಸಲದ ಸುಗ್ಗಿಯಲ್ಲಿ, ಶಾಲೆಗೆ ಹೋಗುವ ಮಕ್ಕಳನ್ನು ಸಂಜೆ ಏಳರ ಹೊತ್ತಿಗೆ ಅಂಗಳದಿಂದ ಎಬ್ಬಿಸಿ ಪುಸ್ತಕದ ಮುಂದೆ ಕೂರಿಸಿರಿ. ದೊಡ್ಡವರಾದ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ನಿಮ್ಮ ಕಿರ್ದಿಯಲ್ಲಿ ಒಂದೊಂದು ಪುಟವನ್ನು ತೆರೆಯಿರಿ. ಕೂಲಿಯವರ ಅಡಿಕೆಯನ್ನು ಅಳೆದು ಮುಗಿಸಿದ ಮೇಲೆ, ಅದೇ ಅಳತೆಯಿಂದ ಆ ಮಕ್ಕಳ ರಾಶಿಯನ್ನೂ ಅಳೆಯಿರಿ.